ಮಳೆ ನೋಡಿದೆವು, ಗಾಳಿ ನೋಡಲಿಲ್ಲ

ನೆದರ್‌ಲ್ಯಾಂಡ್ಸ್‌ನಲ್ಲಿ ಮೋಟಾರ್ ದೋಣಿ ಬಾಡಿಗೆಗೆ ಹಿಡಿಯುವ ಯೋಚನೆಯಲ್ಲಿದ್ದೀರಾ? ಕಾಲುವೆ, ಸಣ್ಣ ಕೆರೆಗಳಲ್ಲಿ ಸುತ್ತುವುದಾದರೆ ಧಾರಾಳವಾಗಿ ಹೋಗಿ. ಐಸಲ್‌ಮೇರ್ ಅನ್ನೋ ದೊಡ್ಡ ಕೆರೆಗೆ ಇಳಿಯುವ ಮುಂಚೆ ಮಾತ್ರ ನಮ್ಮ ಪಾಡು ಕೇಳಿಕೊಳ್ಳಿ.

ಇಲ್ಲಿ 15 ಮೀಟರ್ ಒಳಗಿನ, ಗಂಟೆಗೆ 20 ಕಿ.ಮೀ. ವೇಗ ದಾಟದ ದೋಣಿಗೆ ಲೈಸೆನ್ಸ್ ಬೇಡ. ಸ್ಕೂಟರ್‌ಗೆ ಬೇಕು, ಹನ್ನೊಂದು ಮೀಟರಿನ ಉಕ್ಕಿನ ದೋಣಿಗೆ ಬೇಡ! ಫ್ರೀಸ್‌ಲ್ಯಾಂಡ್‌ನಲ್ಲಿ ನಮಗೆ ದೋಣಿ ಕೊಟ್ಟವನು ಅರ್ಧ ಗಂಟೆ ಪಾಠ ಹೇಳಿದ. ಅದರಲ್ಲಿ ಕಾಲು ಗಂಟೆ ಟಾಯ್ಲೆಟ್ ಪಂಪಿನದ್ದೇ.

ಮೊದಲ ಎರಡು ದಿನ ಸ್ವರ್ಗ. ಒಂದು ಸೇತುವೆಯಲ್ಲಿ ಸುಂಕದವನು ಗಾಳದ ಕೋಲಿಗೆ ಮರದ ಚಪ್ಪಲಿ ಕಟ್ಟಿ ಇಳಿಬಿಟ್ಟ. ಅಕ್ಕನ ಮಗಳು ಅದರೊಳಗೆ ನಾಣ್ಯ ಹಾಕಿ ಕುಣಿದಾಡಿದಳು. ಪ್ರಿನ್ಸೆಸ್ ಮಾರ್ಗ್ರೀಟ್ ಕಾಲುವೆಯಲ್ಲಿ ಸರಕು ಹಡಗು ಎದುರಾದಾಗಲೆಲ್ಲ ದಡ ಹಿಡಿದು ನಿಂತೆವು. ಖಾಲಿ ಹಡಗಿನ ಮೂತಿಯ ಮುಂದೆ ನೂರಾರು ಮೀಟರ್ ಏನಿದೆಯೋ ಚಾಲಕನಿಗೆ ಕಾಣಿಸುವುದಿಲ್ಲ. ಈ ಒಂದು ಮಾತನ್ನು ದೋಣಿ ಕೊಟ್ಟ ಪುಣ್ಯಾತ್ಮ ಸರಿಯಾಗಿ ಹೇಳಿದ್ದ.

ಮೂರನೆಯ ದಿನ ಐಸಲ್‌ಮೇರ್ ಮೇಲೆ ಹಾದು ಲೆಮ್ಮರ್‌ನಿಂದ ಉರ್ಕ್‌ಗೆ ಹೋಗೋಣ ಅಂತಾಯಿತು. ಇಪ್ಪತ್ತು ಚಿಲ್ಲರೆ ಕಿಲೋಮೀಟರ್. "ಮೇರ್ ಅಂದ್ರೆ ಕೆರೆ ತಾನೇ?" ಅಂದರು ಭಾವ. ಹೌದು, 1932ರಲ್ಲಿ 32 ಕಿ.ಮೀ. ಉದ್ದದ ಒಡ್ಡು ಕಟ್ಟಿ ಬಾಯಿ ಮುಚ್ಚುವವರೆಗೆ ಸಮುದ್ರವಾಗಿದ್ದ ಕೆರೆ! ಈಗಲೂ ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್. ಉಪ್ಪು ಹೋಗಿದೆ, ಸ್ವಭಾವ ಹೋಗಿಲ್ಲ. ಆಳ ಬಹಳ ಕಡೆ ನಾಲ್ಕೈದು ಮೀಟರ್ ಅಷ್ಟೇ, ಅದೇ ತೊಂದರೆ. ಕಡಿಮೆ ನೀರಿನಲ್ಲಿ ಅಲೆ ಉದ್ದಕ್ಕೆ ಹರಡದೆ ಒತ್ತೊತ್ತಾಗಿ, ಕಡಿದಾಗಿ ಏಳುತ್ತದೆ. ಒಂದರಿಂದ ಇಳಿಯುವಷ್ಟರಲ್ಲಿ ಇನ್ನೊಂದು ಮೂತಿಗೆ ಬಡಿದಿರುತ್ತದೆ.

ಹೊರಡುವ ಮುಂಚೆ ನಾನು ನೋಡಿದ್ದು ಬೌಯೆನ್‌ರಾಡಾರ್, ಅಂದರೆ ಮಳೆಯ ಆ್ಯಪ್. ಈ ದೇಶದಲ್ಲಿ ಸೈಕಲ್ ಹತ್ತುವ ಮುಂಚೆ ಎಲ್ಲರೂ ನೋಡುವುದು ಅದನ್ನೇ. ಮಧ್ಯಾಹ್ನ ಒಂದು ಸಣ್ಣ ಹನಿ, ಅಷ್ಟೇ. ಮಳೆ ಬಂದರೆ ಒಳಗೆ ಕೂತು ಕಾಫಿ ಕುಡಿದರಾಯಿತು ಅಂದುಕೊಂಡೆ. ಗಾಳಿ ಬೆಳಗ್ಗೆ 3 ಬೊಫೋರ್ಟ್ (ಗಾಳಿಯ ಬಿರುಸಿನ ಅಳತೆ), ಮಧ್ಯಾಹ್ನ 5, ಬೀಸು 6ರವರೆಗೆ ಅಂತ ಬೇರೆ ಆ್ಯಪಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದನ್ನು ನೋಡಿದ್ದು ಮಾರನೆಯ ದಿನ. 6 ಅಂದರೆ ಗಂಟೆಗೆ ಸುಮಾರು 40ರಿಂದ 50 ಕಿ.ಮೀ.

ಲಾಕ್ (ನೀರಿನ ಮಟ್ಟ ಹೊಂದಿಸುವ ಬಾಗಿಲು) ದಾಟಿ ಹೊರಗೆ ಬಂದಾಗ ನೀರು ಕನ್ನಡಿ. ಗಾಳಿ ನೈಋತ್ಯದಿಂದ ಬರುತ್ತಿದ್ದರಿಂದ ಎಡಗಡೆಯ ದಡದ ಎತ್ತರದ ಒಡ್ಡು ನಮ್ಮನ್ನು ಮರೆ ಮಾಡಿತ್ತು, ನಮಗದು ಗೊತ್ತಾಗಲಿಲ್ಲ. ಒಡ್ಡು ದಕ್ಷಿಣಕ್ಕೆ ತಿರುಗುವ ಮೂಲೆ ದಾಟಿದ್ದೇ ತಡ, ಇಡೀ ಕೆರೆ ಮೈಮೇಲೆ ಬಂತು. ಅಲ್ಲಿ ನೀರಿನೊಳಗೇ 48 ಗಾಳಿಯಂತ್ರ ನೆಟ್ಟಿದ್ದಾರೆ. ಗಾಳಿ ಇಲ್ಲದ ಜಾಗದಲ್ಲಿ ಯಾರಾದರೂ ನೆಡುತ್ತಾರಾ, ಅಷ್ಟೂ ಹೊಳೆಯಲಿಲ್ಲ.

ಪಶ್ಚಿಮದಲ್ಲಿ ಮೋಡ ಸೀಸದ ಬಣ್ಣಕ್ಕೆ ತಿರುಗಿತು. ಹನಿ ಬಿದ್ದು ಐದು ನಿಮಿಷಕ್ಕೆ ಗಾಳಿ ದಿಕ್ಕು ಬದಲಿಸಿ ವಾಯವ್ಯದಿಂದ ನೂಕತೊಡಗಿತು. ಪುಳಿಯೋಗರೆ ಡಬ್ಬಿ ನೆಲಕ್ಕೆ ಬಿದ್ದು ಅನ್ನವೆಲ್ಲ ಕ್ಯಾಬಿನ್ ತುಂಬಾ. "ಮಾಮಾ, ಹೊಟ್ಟೆ ತೊಳಸ್ತಿದೆ" ಅಂತ ಮಗು ಅಳು. ಲೈಫ್ ಜಾಕೆಟ್‌ಗಳು ಹಾಸಿಗೆಯ ಅಡಿಯಲ್ಲಿದ್ದವು. ಓಲಾಡುವ ದೋಣಿಯಲ್ಲಿ ಮಂಡಿಯೂರಿ ಹಾಸಿಗೆ ಎತ್ತಿ ನೋಡಿ, ಆಗ ತಿಳಿಯುತ್ತದೆ ಅವನ್ನು ಎಲ್ಲಿಡಬೇಕಿತ್ತು ಅಂತ.

ಅಷ್ಟರಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಆಮೇಲೆ ಮೆಕ್ಯಾನಿಕ್ ಫಿಲ್ಟರಿನ ಗಾಜಿನ ಬಟ್ಟಲು ಬಿಚ್ಚಿ ತೋರಿಸಿದ: ಕಾಫಿ ಚರಟದಂಥ ಕಪ್ಪು ಲೋಳೆ. ಡೀಸೆಲ್ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ಗಸಿ ಅದು. ಕಾಲುವೆಯಲ್ಲಿ ದೋಣಿ ಅಲುಗುವುದಿಲ್ಲ, ಗಸಿ ಕೂತಲ್ಲೇ ಇರುತ್ತದೆ. ಅಲೆಯಲ್ಲಿ ಕುಲುಕಿದ್ದೇ ಎಲ್ಲ ಎದ್ದು ಬಂದು ಫಿಲ್ಟರ್ ಕಟ್ಟುತ್ತದೆ, ಅಂದರೆ ಎಂಜಿನ್ ಬೇಕೇ ಬೇಕಾದ ಹೊತ್ತಿನಲ್ಲೇ. ದೋಣಿ ತೆಗೆದುಕೊಳ್ಳುವಾಗ ಫಿಲ್ಟರ್ ಯಾವಾಗ ಬದಲಿಸಿದ್ದು ಅಂತ ಕೇಳಿ, ಬಿಲ್ ಇದ್ದರೆ ನೋಡಿ. ನಾವು ಕೇಳಿದ್ದು ವೈಫೈ ಪಾಸ್‌ವರ್ಡ್.

ಗಾಳಿ ನಮ್ಮನ್ನು ಒಡ್ಡಿನ ಕಲ್ಲುಗಳತ್ತ ತಳ್ಳುತ್ತಿತ್ತು. ಭಾವ ಲಂಗರು ಹಾಕಿದರು, ಜಾರಿತು. ಸರಪಳಿ ಪೂರ್ತಿ ಬಿಟ್ಟ ಮೇಲೆ ಕಚ್ಚಿಕೊಂಡಿತು. ನಾನು 112ಕ್ಕೆ ಫೋನ್ ಮಾಡಿದೆ. ಎಲ್ಲಿದ್ದೀರಿ ಅಂದರೆ "ಗಾಳಿಯಂತ್ರಗಳ ಹತ್ತಿರ" ಅಂದೆ, ನಲವತ್ತೆಂಟರಲ್ಲಿ ಯಾವುದು ಅಂತ ಹೇಳಲಿ? ಕೊನೆಗೆ ಹೆಂಡತಿ ಮ್ಯಾಪಿನಲ್ಲಿದ್ದ ಅಕ್ಷಾಂಶ ರೇಖಾಂಶ ಓದಿದಳು.

ಕೆಎನ್‌ಆರ್‌ಎಂ ದೋಣಿ ಬಂದು ನಮ್ಮನ್ನು ಉರ್ಕ್‌ಗೆ ಎಳೆದೊಯ್ದಿತು. 1824ರಿಂದ ಇರುವ ರಕ್ಷಣಾ ಸಂಸ್ಥೆ ಅದು, ಹೆಚ್ಚಿನವರು ಸ್ವಯಂಸೇವಕರು, ನಡೆಯುವುದು ದಾನದಿಂದ. ಎಷ್ಟು ಕೊಡಬೇಕು ಅಂತ ಕೇಳಿದರೆ ಅವರಲ್ಲೊಬ್ಬ ನಕ್ಕು ಮಗುವಿಗೆ ಬಿಸಿ ಚಾಕೊಲೇಟ್ ಕೊಟ್ಟ. ಮನೆಗೆ ಬಂದ ಮೇಲೆ ಅವರಿಗೆ ಚಂದಾ ಕಟ್ಟಿದೆವು.

ಬಾಡಿಗೆ ದೋಣಿಯವನ ಲೆಕ್ಕ ಬೇರೆ. 4 ಬೊಫೋರ್ಟ್ ಮೀರಿದರೆ ಐಸಲ್‌ಮೇರ್‌ಗೆ ಹೋಗಬಾರದು ಅಂತ ಕರಾರಿನ ನಾಲ್ಕನೇ ಪುಟದಲ್ಲಿದೆಯಂತೆ. ಇದೆ, ಡಚ್ ಭಾಷೆಯಲ್ಲಿ. ಸಹಿ ನನ್ನದೇ. ಸಾವಿರ ಯೂರೋ ಠೇವಣಿಯಲ್ಲಿ ಆರುನೂರು ವಾಪಸ್ ಬಂತು. ಗಸಿ ಅವನ ಟ್ಯಾಂಕಿನದ್ದು ಅಂತ ಉಳಿದ ನಾನೂರಕ್ಕೆ ಇನ್ನೂ ಮೇಲ್ ಬರೆಯುತ್ತಲೇ ಇದ್ದೇನೆ.