ಲೇಸಿಕ್ ಕೇಳಲು ಹೋಗಿ ಪಿ.ಆರ್.ಕೆ. ಮಾಡಿಸಿಕೊಂಡದ್ದು: ಹಾಸನದಿಂದ ಒಂದು ವಿಮರ್ಶೆ

ನಾನು ಹಾಸನದವಳು. ಆಲೂರಿನ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ವಯಸ್ಸು 31, ಎರಡೂ ಕಣ್ಣಿಗೆ ಹೆಚ್ಚುಕಡಿಮೆ ಮೈನಸ್ 4.50 ಪವರ್, ನಾಲ್ಕು ವರ್ಷಗಳಿಂದ ಅದು ಏರಿರಲಿಲ್ಲ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಸ್ಕೂಟರಿನಲ್ಲಿ ಶಾಲೆಗೆ ಹೋಗಿಬರುವವರಿಗೆ ಮಳೆಯಲ್ಲಿ ಕನ್ನಡಕ ಎಂಥ ಕಾಟ ಎಂಬುದನ್ನು ವಿವರಿಸಬೇಕಾಗಿಲ್ಲ. ನನ್ನ ತಂಗಿಗೆ 24 ವರ್ಷ; ಅವಳ ಮದುವೆಯ ಮಾತುಕತೆ ನಡೆಯುತ್ತಿದ್ದುದರಿಂದ ಅವಳ ಕನ್ನಡಕ ಅವಳಿಗಿಂತ ನಮ್ಮ ಅಮ್ಮನಿಗೆ ದೊಡ್ಡ ಚಿಂತೆಯಾಗಿತ್ತು. ಹೀಗೆ ಇಬ್ಬರೂ ಒಟ್ಟಿಗೆ ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆಯ ವಿಚಾರಣೆಗೆ ಹೊರಟೆವು. ಮೂರು ಕಡೆ ತಪಾಸಣೆ ಮಾಡಿಸಿಕೊಂಡ ಮೇಲೆ ನನಗೆ ಪಿ.ಆರ್.ಕೆ. ಎಂಬ ಬಗೆಯ ಶಸ್ತ್ರಚಿಕಿತ್ಸೆ ಆಯಿತು, ತಂಗಿಗೆ ಯಾವುದೂ ಆಗಲಿಲ್ಲ. ಅವಳಿಗೆ ಆಗದ ಕಾರಣವೇ ನನ್ನ ಆಯ್ಕೆಯನ್ನೂ ನಿರ್ಧರಿಸಿತು.

ಮೊದಲು ಹೋದದ್ದು ಬೆಂಗಳೂರಿನ ಒಂದು ಕಣ್ಣಿನ ಆಸ್ಪತ್ರೆಗೆ. ಶ್ರವಣಬೆಳಗೊಳದ ರೈಲು ಮಾರ್ಗ 2017ರಲ್ಲಿ ತೆರೆದ ಮೇಲೆ ಹಾಸನದವರಿಗೆ ಬೆಂಗಳೂರು ಬೆಳಿಗ್ಗೆ ಹೋಗಿ ರಾತ್ರಿ ಬರುವ ಊರಾಗಿದೆ. ಅಲ್ಲದೆ ಅಲ್ಲಿ ತಪಾಸಣೆ ಉಚಿತವೆಂದು ಜಾಹೀರಾತಿನಲ್ಲಿತ್ತು. ಒಂದು ಯಂತ್ರದ ಮುಂದೆ ಕೂರಿಸಿ, ಕಪ್ಪು ಬಿಳುಪಿನ ಉಂಗುರಗಳನ್ನು ನೋಡಲು ಹೇಳಿ, ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಚಿತ್ರ ತೆಗೆದರು. ನಂತರ ಕೌನ್ಸೆಲರ್ ಒಬ್ಬರು ಮೂರು ದರಗಳಿದ್ದ ಕಾರ್ಡನ್ನು ಮೇಜಿನ ಮೇಲಿಟ್ಟರು: ಬ್ಲೇಡ್ ಲೇಸಿಕ್, ಬ್ಲೇಡ್ ಇಲ್ಲದ ಲೇಸಿಕ್, ಸ್ಮೈಲ್. ಸೀರೆ ಅಂಗಡಿಯಲ್ಲಿ ಕಡಿಮೆ ಬೆಲೆಯದನ್ನು ಮೊದಲು ತೋರಿಸಿ, ಆಮೇಲೆ ನಿಧಾನವಾಗಿ ಮೇಲಿನ ಕಪಾಟಿನತ್ತ ಕೈ ಹಾಕುವ ರೀತಿಯಲ್ಲಿಯೇ ವಿವರಣೆ ಸಾಗಿತು. ಶಸ್ತ್ರವೈದ್ಯರು ಐದು ನಿಮಿಷಕ್ಕೂ ಕಡಿಮೆ ಸಮಯ ನಮ್ಮೊಡನಿದ್ದರು. ಇಬ್ಬರೂ ಯೋಗ್ಯರು, ಒಟ್ಟಿಗೆ ಮಾಡಿಸಿಕೊಂಡರೆ ರಿಯಾಯಿತಿ, ಅದೂ ತಿಂಗಳ ಕೊನೆಯವರೆಗೆ ಮಾತ್ರ ಎಂಬ ತೀರ್ಮಾನದೊಂದಿಗೆ ನಮ್ಮನ್ನು ಕಳುಹಿಸಿದರು. ಹಿಂದಿನ ಸಂಜೆಯವರೆಗೂ ತಂಗಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದಳು ಎಂಬುದನ್ನು ಅಲ್ಲಿ ಯಾರೂ ಕೇಳಲಿಲ್ಲ. ಅದು ಹೇಳಬೇಕಾದ ಸಂಗತಿಯೆಂಬುದು ಆಗ ನಮಗೂ ತಿಳಿದಿರಲಿಲ್ಲ.

ಇದನ್ನು ಕೇಳಿದವರು ಹಾಸನದಲ್ಲಿ ನಮಗೆ ಬಾಲ್ಯದಿಂದ ಕನ್ನಡಕ ಬರೆದುಕೊಡುತ್ತಿರುವ ವೈದ್ಯರು. ಅವರ ಬಳಿ ಲೇಸರ್ ಯಂತ್ರವಿಲ್ಲ. ಆದ್ದರಿಂದ ಅವರ ಮಾತಿನಲ್ಲಿ ಲಾಭದ ಲೆಕ್ಕವೂ ಇರಲಿಲ್ಲ. “ಲೆನ್ಸ್ ತೆಗೆದ ಮರುದಿನವೇ ಅಳೆದರೆ ಅದು ಕಾರ್ನಿಯಾದ ಅಳತೆಯಲ್ಲಮ್ಮ, ಲೆನ್ಸ್ ಒತ್ತಿದ ಗುರುತಿನ ಅಳತೆ” ಎಂದರು. ಮೆತ್ತನೆಯ ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಇನ್ನೂ ಹೆಚ್ಚು ಕಾಲ ಬಿಟ್ಟು, ಆಮೇಲೆ ಅಳೆಯಿಸಬೇಕೆಂದರು. ಉಂಗುರಗಳ ಯಂತ್ರ ಕಾರ್ನಿಯಾದ ಮುಂಭಾಗವನ್ನಷ್ಟೇ ತೋರಿಸುತ್ತದೆ. ಹಿಂಭಾಗದ ಉಬ್ಬನ್ನೂ ಎಲ್ಲ ಕಡೆಯ ದಪ್ಪವನ್ನೂ ತೋರಿಸುವ ಪೆಂಟಾಕ್ಯಾಮ್‌ನಂಥ ಯಂತ್ರವಿರುವಲ್ಲಿಗೆ ಹೋಗಿ ಎಂದೂ ಹೇಳಿದರು. ಇಡೀ ಪ್ರಸಂಗದಲ್ಲಿ ಅತಿ ಕಡಿಮೆ ಶುಲ್ಕಕ್ಕೆ ದೊರೆತ ಅತಿ ಬೆಲೆಬಾಳುವ ಸಲಹೆ ಇದೇ.

ಹದಿನೈದು ದಿನ ಬಿಟ್ಟು ಮೈಸೂರಿನಲ್ಲಿ ಕಾರ್ನಿಯಾ ತಜ್ಞರೊಬ್ಬರನ್ನು ಕಂಡೆವು. ಅಲ್ಲಿ ಒಂದು ಇಡೀ ಬೆಳಿಗ್ಗೆ ಹಿಡಿಯಿತು. ಪೆಂಟಾಕ್ಯಾಮ್ ಆಯಿತು, ಕೆಳರೆಪ್ಪೆಯಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ ಕಣ್ಣೀರಿನ ಪ್ರಮಾಣ ಅಳೆದರು, ಕತ್ತಲಲ್ಲಿ ಪಾಪೆಯ ಅಗಲ ನೋಡಿದರು, ಕೊನೆಗೆ ಪಾಪೆ ಹಿಗ್ಗಿಸುವ ಹನಿ ಹಾಕಿ ಅಕ್ಷಿಪಟಲವನ್ನು ಅಂಚಿನವರೆಗೂ ಪರೀಕ್ಷಿಸಿದರು. ಈ ಕೊನೆಯ ಪರೀಕ್ಷೆಯ ಮಹತ್ವ ಹಲವರಿಗೆ ಗೊತ್ತಿಲ್ಲ. ಮೈನಸ್ ಪವರ್ ಇರುವವರ ಕಣ್ಣುಗುಡ್ಡೆ ಸಾಮಾನ್ಯಕ್ಕಿಂತ ಉದ್ದವಾಗಿರುತ್ತದೆ, ಅದರೊಳಗಿನ ಅಕ್ಷಿಪಟಲ ಕೆಲವೆಡೆ ತೆಳುವಾಗಿರಬಹುದು. ಲೇಸರ್ ಕನ್ನಡಕವನ್ನು ತೆಗೆಸುತ್ತದೆಯೇ ಹೊರತು ಕಣ್ಣಿನ ಉದ್ದವನ್ನು ಕುಗ್ಗಿಸುವುದಿಲ್ಲ. ಅಕ್ಷಿಪಟಲ ಹರಿಯುವ ಅಪಾಯ ಮೊದಲು ಎಷ್ಟಿತ್ತೋ ಆಮೇಲೂ ಅಷ್ಟೇ ಇರುತ್ತದೆ.

ತಂಗಿಯ ಬಲಗಣ್ಣಿನ ಪೆಂಟಾಕ್ಯಾಮ್ ನಕ್ಷೆಯನ್ನು ವೈದ್ಯರು ಬಹಳ ಹೊತ್ತು ನೋಡಿದರು. ಮುಂಭಾಗ ನೋಡಲು ಸಾಧಾರಣವಾಗಿತ್ತು. ಹಿಂಭಾಗದಲ್ಲಿ ಮಾತ್ರ ಕೆಳಗಡೆಗೆ ಸಣ್ಣದೊಂದು ಉಬ್ಬು, ಅದರ ನೇರಕ್ಕೇ ಕಾರ್ನಿಯಾದ ಅತಿ ತೆಳುವಾದ ಬಿಂದು. ಎರಡು ಕಣ್ಣುಗಳ ನಡುವೆಯೂ ಹೊಂದಿಕೆ ಇರಲಿಲ್ಲ. ಕೆರಟೋಕೋನಸ್‌ನ, ಅಂದರೆ ಕಾರ್ನಿಯಾ ಕ್ರಮೇಣ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಚಾಚುವ ತೊಂದರೆಯ ಆರಂಭದ ಶಂಕೆ ಇದೆ. ಇಂಥ ಕಣ್ಣಿಗೆ ಲೇಸರ್ ಹಚ್ಚಿ ಇನ್ನಷ್ಟು ತೆಳು ಮಾಡಿದರೆ ಆ ಚಾಚು ವೇಗ ಪಡೆಯಬಹುದು ಎಂದು ಬಿಡಿಸಿ ಹೇಳಿದರು. ಯಾವ ಬಗೆಯ ಲೇಸರೂ ಬೇಡ, ಅಲರ್ಜಿಗೆ ಔಷಧ ಹಾಕಿಕೊಂಡು ಕಣ್ಣುಜ್ಜುವ ಅಭ್ಯಾಸವನ್ನು ಇಂದೇ ಬಿಡಬೇಕು, ಆರು ತಿಂಗಳಿಗೊಮ್ಮೆ ನಕ್ಷೆ ತೆಗೆಸಬೇಕು ಎಂದರು. ಉಬ್ಬು ಹೆಚ್ಚುತ್ತಿರುವುದು ಕಂಡರೆ, ರೈಬೋಫ್ಲೇವಿನ್ ಹನಿ ಹಾಕಿ ಅತಿನೇರಳೆ ಬೆಳಕು ಹಾಯಿಸಿ ಕಾರ್ನಿಯಾವನ್ನು ಬಿಗಿಗೊಳಿಸುವ ಕ್ರಾಸ್‌ಲಿಂಕಿಂಗ್ ಮಾಡಬೇಕಾಗುತ್ತದೆ ಎಂದರು. ತಂಗಿ ಬಸ್ ನಿಲ್ದಾಣದವರೆಗೂ ಮಾತನಾಡಲಿಲ್ಲ. ತಿಂಗಳ ಕೊನೆಯ ರಿಯಾಯಿತಿಗೆ ನಾವು ಒಪ್ಪಿಕೊಂಡಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ನನ್ನನ್ನು ಹೊಳೆನರಸೀಪುರ ದಾಟುವವರೆಗೂ ಬಿಡಲಿಲ್ಲ.

ನನ್ನ ಕಾರ್ನಿಯಾ ಎರಡೂ ಕಣ್ಣಿನಲ್ಲಿ ಸುಮಾರು 512 ಮೈಕ್ರಾನ್ (ಸಾವಿರ ಮೈಕ್ರಾನ್ ಎಂದರೆ ಒಂದು ಮಿಲಿಮೀಟರ್) ದಪ್ಪ, ನಕ್ಷೆಯೂ ಸರಿಯಾಗಿತ್ತು. ಸರಾಸರಿ 540ರ ಆಸುಪಾಸು ಎನ್ನುತ್ತಾರಾದ್ದರಿಂದ ನನ್ನದು ಸ್ವಲ್ಪ ತೆಳು, ಆದರೆ ಅಪಾಯದಷ್ಟಲ್ಲ. ಇನ್ನು ಆಯ್ಕೆಯ ಲೆಕ್ಕ. ಅದನ್ನು ವೈದ್ಯರು ಒಂದು ಚೀಟಿಯ ಹಿಂದೆ ಬರೆದು ತೋರಿಸಿದರು. ಲೇಸರಿನಿಂದ ತೆಗೆಯುವ ಆಳವನ್ನು ಅಂದಾಜು ಮಾಡಲು, ಚಿಕಿತ್ಸೆಯ ವಲಯದ ವ್ಯಾಸದ ವರ್ಗವನ್ನು ಮೂರರಿಂದ ಭಾಗಿಸಿ ಪವರ್‌ನಿಂದ ಗುಣಿಸಬೇಕು. ವಲಯ 6.5 ಮಿಲಿಮೀಟರ್ ಆದರೆ ಪವರ್‌ನ ಅಳತೆಯಾದ ಒಂದು ಡಯಾಪ್ಟರ್‌ಗೆ 14 ಮೈಕ್ರಾನ್. ನನ್ನ ನಾಲ್ಕೂವರೆಗೆ 63 ಮೈಕ್ರಾನ್.

ಲೇಸಿಕ್‌ನಲ್ಲಿ ಮೊದಲು ಕಾರ್ನಿಯಾದ ಮೇಲೆ ಸುಮಾರು 110 ಮೈಕ್ರಾನ್ ದಪ್ಪದ ಒಂದು ಫ್ಲಾಪ್ ಕತ್ತರಿಸಿ, ಪುಸ್ತಕದ ರಟ್ಟು ತೆರೆದಂತೆ ಪಕ್ಕಕ್ಕೆ ಮಡಚಿ, ಕೆಳಗಿನ ಪದರವನ್ನು ಎಕ್ಸೈಮರ್ ಲೇಸರಿನಿಂದ ಸವೆಸಿ, ಫ್ಲಾಪನ್ನು ಮತ್ತೆ ಮುಚ್ಚುತ್ತಾರೆ. ಮಿನಿ ಬ್ಲೇಡಿನಿಂದ ಕತ್ತರಿಸುವುದೋ ಫೆಮ್ಟೋಸೆಕೆಂಡ್ ಲೇಸರಿನಿಂದ ಕತ್ತರಿಸುವುದೋ ಎಂಬುದಷ್ಟೇ ಕಾರ್ಡಿನ ಮೊದಲೆರಡು ದರಗಳ ನಡುವಿನ ವ್ಯತ್ಯಾಸ. ಫೆಮ್ಟೋದಲ್ಲಿ ಫ್ಲಾಪಿನ ದಪ್ಪ ಹೆಚ್ಚು ನಂಬಿಕೆಗೆ ಅರ್ಹ. ನನ್ನ ಲೆಕ್ಕದಲ್ಲಿ ಫ್ಲಾಪಿನ ಕೆಳಗೆ 339 ಮೈಕ್ರಾನ್ ಉಳಿಯುತ್ತಿತ್ತು. ಕನಿಷ್ಠ 250 ಉಳಿಯಲೇಬೇಕು, 300 ಉಳಿದರೆ ವೈದ್ಯರು ನೆಮ್ಮದಿಯಿಂದಿರುತ್ತಾರೆ. ಆದ್ದರಿಂದ ಅಂಕಿಗಳ ಮಟ್ಟಿಗೆ ಲೇಸಿಕ್‌ಗೆ ಅಡ್ಡಿಯಿರಲಿಲ್ಲ. ಮರುದಿನವೇ ದೃಷ್ಟಿ ತಿಳಿಯಾಗುವುದು ಇದರ ದೊಡ್ಡ ಆಕರ್ಷಣೆ. ಆದರೆ ಕತ್ತರಿಸಿದ ಫ್ಲಾಪ್ ಎಂದಿಗೂ ಮೊದಲಿನ ಬಲದಿಂದ ಕೂಡಿಕೊಳ್ಳುವುದಿಲ್ಲ, ಕಣ್ಣಿಗೆ ಬಲವಾದ ಪೆಟ್ಟು ಬಿದ್ದರೆ ವರ್ಷಗಳ ನಂತರವೂ ಜರುಗಬಹುದು. ಕತ್ತರಿಸುವಾಗ ತುಂಡಾಗುವ ನರಗಳಿಂದಾಗಿ ಹಲವು ತಿಂಗಳು ಕಣ್ಣು ಒಣಗುತ್ತದೆ.

ಸ್ಮೈಲ್ ಜರ್ಮನಿಯಲ್ಲಿ ರೂಪುಗೊಂಡ ವಿಧಾನ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇದಕ್ಕೆ ಒಪ್ಪಿಗೆ ನೀಡಿತು. ಇದರಲ್ಲಿ ಫ್ಲಾಪ್ ಇಲ್ಲ. ಫೆಮ್ಟೋಸೆಕೆಂಡ್ ಲೇಸರ್ ಕಾರ್ನಿಯಾದ ಒಳಗೇ ಅವರೆಕಾಳಿನ ಸಿಪ್ಪೆಗಿಂತಲೂ ಎಷ್ಟೋ ತೆಳುವಾದ ಒಂದು ಬಿಲ್ಲೆಯನ್ನು ಬಿಡಿಸುತ್ತದೆ. ಎರಡರಿಂದ ನಾಲ್ಕು ಮಿಲಿಮೀಟರಿನ ಸೀಳಿನಿಂದ ಶಸ್ತ್ರವೈದ್ಯರು ಅದನ್ನು ಎಳೆದು ತೆಗೆಯುತ್ತಾರೆ. ಕಣ್ಣು ಒಣಗುವುದು ಕಡಿಮೆ. ಆದರೆ ಬಿಲ್ಲೆಯನ್ನು ಹರಿಯದಂತೆ ಬಿಡಿಸಿ ತೆಗೆಯುವುದು ಪೂರ್ತಿಯಾಗಿ ಕೈಯ ಕೆಲಸವಾದ್ದರಿಂದ ಇಲ್ಲಿ ಯಂತ್ರಕ್ಕಿಂತ ವೈದ್ಯರ ಅನುಭವವೇ ಮುಖ್ಯ. ಸ್ವಲ್ಪ ಪವರ್ ಉಳಿದರೆ ಅದೇ ವಿಧಾನದಲ್ಲಿ ಮತ್ತೆ ತಿದ್ದುವುದೂ ಸುಲಭವಲ್ಲ. ಇದು ಹೊಸದು, ದುಬಾರಿ. ಹಾಗಾಗಿಯೇ ಉತ್ತಮ ಎಂಬ ಭಾವನೆ ನನ್ನಲ್ಲಿಯೂ ಇತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಮೂರನೆಯದು ಪಿ.ಆರ್.ಕೆ. 1995ರಲ್ಲಿಯೇ ಎಫ್‌ಡಿಎ ಒಪ್ಪಿಗೆ ಪಡೆದ, ಲೇಸಿಕ್‌ಗಿಂತ ಹಳೆಯದಾದ ಈ ವಿಧಾನ ಬೆಂಗಳೂರಿನ ಆ ಕಾರ್ಡಿನಲ್ಲಿ ಇರಲೇ ಇಲ್ಲ. ಫ್ಲಾಪ್ ಇಲ್ಲ, ಬಿಲ್ಲೆಯಿಲ್ಲ. ಕಾರ್ನಿಯಾದ ಮೇಲಿನ ಚರ್ಮದಂಥ ತೆಳು ಪದರವನ್ನು ಕೆರೆದು ತೆಗೆದು, ನೇರವಾಗಿ ಮೇಲ್ಮೈಯಲ್ಲಿಯೇ ಲೇಸರ್ ಹಾಯಿಸುತ್ತಾರೆ. ಆ ಪದರ ನಾಲ್ಕೈದು ದಿನಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. ಬೇರೆ ಎರಡರಲ್ಲಿಯೂ ಆಳದ ಪದರಗಳನ್ನು ಮುಟ್ಟಬೇಕಾದರೆ, ಇಲ್ಲಿ ಅವುಗಳ ಬಲ ಹೆಚ್ಚುಮಟ್ಟಿಗೆ ಉಳಿಯುತ್ತದೆ. ಒಡಹುಟ್ಟಿದವಳಲ್ಲಿ ಕೆರಟೋಕೋನಸ್‌ನ ಶಂಕೆಯಿರುವಾಗ ನಿಮ್ಮ ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಅತಿ ಕಡಿಮೆ ಮುಟ್ಟುವ ವಿಧಾನವನ್ನೇ ಹಿಡಿಯಬೇಕು, ಇಲ್ಲವೆಂದರೆ ಕನ್ನಡಕದಲ್ಲಿಯೇ ಇರಿ ಎಂದು ಮೈಸೂರಿನ ವೈದ್ಯರು ಹೇಳಿದರು. ಮತ್ತೊಂದು ಅಭಿಪ್ರಾಯಕ್ಕಾಗಿ, ಸ್ಮೈಲ್ ಯಂತ್ರವಿರುವ ಬೆಂಗಳೂರಿನ ಬೇರೊಂದು ಆಸ್ಪತ್ರೆಯಲ್ಲಿ ನನ್ನ ನಕ್ಷೆಯನ್ನು ಮಾತ್ರ ಮುಂದಿಟ್ಟೆ. ಸ್ಮೈಲ್ ಮಾಡಬಹುದು ಎಂದರು. ತಂಗಿಯ ವರದಿಯನ್ನು ಆಮೇಲೆ ತೆಗೆದಾಗ, ಅದೇ ವೈದ್ಯರು ತಮ್ಮ ಮಾತನ್ನು ಹಿಂತೆಗೆದುಕೊಂಡು ಪಿ.ಆರ್.ಕೆ. ಎಂದರು. ಹೀಗೆ ಪರೀಕ್ಷಿಸಿದ್ದು ಸ್ವಲ್ಪ ಅತಿಯಾಯಿತೇನೋ, ಆದರೆ ಇಬ್ಬರ ಮೇಲೂ ಗೌರವ ಹೆಚ್ಚಿತು.

ಇಬ್ಬರಲ್ಲಿ ಮೈಸೂರಿನವರನ್ನು ಆರಿಸಿದ್ದು ಹಣಕ್ಕಾಗಿಯಲ್ಲ. ತಪಾಸಣೆ ಮಾಡಿದವರೇ ಶಸ್ತ್ರಚಿಕಿತ್ಸೆ ಮಾಡುವುದಾಗಿಯೂ, ಆಮೇಲಿನ ಪ್ರತಿ ಭೇಟಿಯಲ್ಲಿಯೂ ತಾವೇ ನೋಡುವುದಾಗಿಯೂ ಅವರು ಹೇಳಿದರು. ನಡುವಿನ ಕಣ್ಣಿನ ಒತ್ತಡದ ಪರೀಕ್ಷೆಗಳನ್ನು ಹಾಸನದ ನಮ್ಮ ವೈದ್ಯರೇ ಮಾಡಲು ಒಪ್ಪಿದರು. ದೂರದ ಊರಿನಲ್ಲಿ ಮಾಡಿಸಿಕೊಳ್ಳುವವರು ಈ ಏರ್ಪಾಡನ್ನು ಮೊದಲೇ ಕೇಳಿಕೊಳ್ಳುವುದು ಅಗತ್ಯ, ಏಕೆಂದರೆ ಪಿ.ಆರ್.ಕೆ.ಯ ನಂತರ ಕೆಲವು ತಿಂಗಳು ಸ್ಟೀರಾಯ್ಡ್ ಹನಿ ಹಾಕಬೇಕು, ಅದು ಕೆಲವರಲ್ಲಿ ಕಣ್ಣಿನ ಒತ್ತಡವನ್ನು ಏರಿಸುತ್ತದೆ. ವೆಚ್ಚವೆಲ್ಲ ಕೈಯಿಂದಲೇ, 7.5 ಡಯಾಪ್ಟರ್‌ಗಿಂತ ಕಡಿಮೆ ಪವರ್‌ನ ಚಿಕಿತ್ಸೆಯನ್ನು ಆರೋಗ್ಯ ವಿಮೆಗಳು ಹೊರಗಿಡಬಹುದೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವೇ ಇದೆ.

ಹಾಸನಾಂಬೆಯ ದರ್ಶನಕ್ಕೆ ಬರುವ ನೆಂಟರು, ಧೂಳು, ಜನಜಂಗುಳಿ ಎಲ್ಲ ಮುಗಿಯಲೆಂದು ದೀಪಾವಳಿ ಕಳೆದ ಮೇಲೆ ದಿನ ಗೊತ್ತು ಮಾಡಿಸಿದೆ. ಡಾ. ಎಂ. ಸಿ. ಮೋದಿಯವರ ಶಿಬಿರದಲ್ಲಿ ಪೊರೆ ತೆಗೆಸಿಕೊಂಡ ನಮ್ಮ ಅಜ್ಜಿಯ ಕಥೆ ಕೇಳಿ ಬೆಳೆದ ನನಗೆ ಕಣ್ಣಿನ ಆಪರೇಷನ್ ಎಂದರೆ ಶಾಮಿಯಾನ, ಸಾಲು ಮಂಚ, ಹಸಿರು ಪಟ್ಟಿ; ಇಲ್ಲಿ ಎರಡೂ ಕಣ್ಣು ಸೇರಿ ಇಪ್ಪತ್ತು ನಿಮಿಷ. ಮರಗಟ್ಟಿಸುವ ಹನಿ, ರೆಪ್ಪೆ ಹಿಡಿದಿಡುವ ಕ್ಲಿಪ್, ಮೇಲೆ ಹಸಿರು ಚುಕ್ಕೆ, ಕೂದಲು ಸುಟ್ಟಂಥ ವಾಸನೆ. ಲೇಸರ್ ಒಂದೊಂದು ಕಣ್ಣಿಗೂ ಅರ್ಧ ನಿಮಿಷದಷ್ಟು. ನಂತರ ಕಾರ್ನಿಯಾದಲ್ಲಿ ಮಂಜು ಕಟ್ಟದಿರಲೆಂದು ಮೈಟೋಮೈಸಿನ್ ದ್ರಾವಣವನ್ನು ಸ್ವಲ್ಪ ಹೊತ್ತು ಇಟ್ಟು ತೊಳೆದು, ಬ್ಯಾಂಡೇಜ್ ಲೆನ್ಸ್ ಹಾಕಿ ಕಳುಹಿಸಿದರು.

ನೋವಿನ ವಿಷಯದಲ್ಲಿ ನಾನು ಸುಳ್ಳು ಹೇಳಲಾರೆ. ಮೊದಲ ದಿನ ಇಷ್ಟೇ ಎಂದುಕೊಂಡೆ. ಎರಡು ಮತ್ತು ಮೂರನೆಯ ದಿನ ಕಣ್ಣಿಗೆ ಮೆಣಸಿನಪುಡಿ ಬಿದ್ದಂತಾಗಿ, ಕಿಟಕಿಗೆ ಕಂಬಳಿ ಕಟ್ಟಿಸಿ ಮಲಗಿದ್ದೆ. ತಂಗಿಯೇ ಗಂಟೆ ನೋಡಿ ಹನಿ ಹಾಕಿದಳು. “ಅಕ್ಕಾ, ಉಜ್ಜಬೇಡ” ಎಂದು ನನಗೆ ಹೇಳುವಾಗಲೆಲ್ಲ ತನಗೂ ಹೇಳಿಕೊಳ್ಳುತ್ತಿದ್ದಳೆಂದು ಕಾಣುತ್ತದೆ. ಐದನೆಯ ದಿನ ಲೆನ್ಸ್ ತೆಗೆದರು. ಎರಡು ವಾರ ಎಲ್ಲವೂ ಡಿಸೆಂಬರ್ ಬೆಳಗಿನ ಬಿಸಿಲೆ ಘಾಟಿಯಂತಿತ್ತು. ಮೂರು ವಾರವಾದ ಮೇಲೆ ಶಾಲೆಗೆ ಹೋದೆ, ಸ್ಕೂಟರ್ ಹತ್ತಿದ್ದು ಐದನೆಯ ವಾರ. ಮೂರು ತಿಂಗಳವರೆಗೂ ಬೆಳಿಗ್ಗೆ ಒಂದು ದೃಷ್ಟಿ, ಸಂಜೆ ಒಂದು ದೃಷ್ಟಿ. ರಜೆ ಸಿಗದವರಿಗೆ, ವಾರದೊಳಗೆ ಕಂಪ್ಯೂಟರ್ ಮುಂದೆ ಕೂರಲೇಬೇಕಾದವರಿಗೆ ಇದು ಸರಿಹೋಗುವುದಿಲ್ಲ. ದಪ್ಪ ಕಾರ್ನಿಯಾ, ಮನೆಯಲ್ಲಿ ಯಾರಿಗೂ ತೊಂದರೆಯಿಲ್ಲ ಎಂದಾದರೆ ಅವರು ಲೇಸಿಕ್ ಅಥವಾ ಸ್ಮೈಲ್ ಕೇಳುವುದರಲ್ಲಿ ತಪ್ಪಿಲ್ಲ. ಹೊರಗೆ ಹೋಗುವಾಗ ತಂಪು ಕನ್ನಡಕ ಕಡ್ಡಾಯ. ಕನ್ನಡಕ ಬಿಟ್ಟು ಕನ್ನಡಕ ಹಾಕಿಕೊಂಡಂತಾಯಿತು ಎಂದು ಅಪ್ಪ ನಕ್ಕರು. ನಲವತ್ತಾದ ಮೇಲೆ ಓದಲು ಚಾಳೀಸು ಹೇಗೂ ಬರುತ್ತದೆ, ಆ ಹೆಸರೇ ನಲವತ್ತರಿಂದ ಬಂದದ್ದು ಎಂದೂ ಸೇರಿಸಿದರು. ಅದು ನಿಜ, ಲೇಸರ್ ಅದನ್ನು ತಡೆಯುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಮುಂಚಿನ ಅಳತೆಗಳನ್ನೆಲ್ಲ ವೈದ್ಯರು ಮುದ್ರಿಸಿ ಕೊಟ್ಟರು. ಮುಂದೆ ಪೊರೆ ಬಂದಾಗ, ಕಣ್ಣಿನೊಳಗೆ ಇಡುವ ಲೆನ್ಸಿನ ಲೆಕ್ಕ ಸವೆದ ಕಾರ್ನಿಯಾದಲ್ಲಿ ತಪ್ಪುವ ಸಂಭವವಿರುವುದರಿಂದ ಆ ಹಾಳೆಗಳು ಬೇಕಾಗುತ್ತವೆ. ಮನೆಯ ಕ್ರಯಪತ್ರದ ಕಡತದಲ್ಲಿಯೇ ಅವನ್ನೂ ಇಟ್ಟಿದ್ದೇನೆ.

ಆರು ತಿಂಗಳ ಪರೀಕ್ಷೆಯಲ್ಲಿ ಬಲಗಣ್ಣು 6/6 ಬಂದಿತು, ಎಡಗಣ್ಣಿನಲ್ಲಿ ಮೈನಸ್ ಅರ್ಧ ಉಳಿದಿದೆ. ರಾತ್ರಿ ಎದುರಿನ ಲಾರಿಯ ದೀಪದ ಸುತ್ತ ತೆಳು ಬಳೆ ಕಾಣುತ್ತದೆ. ಆ ಅರ್ಧವನ್ನೂ ತೆಗೆಯಬಹುದೇ ಎಂದು ಕೇಳಿದೆ. ಅಷ್ಟಕ್ಕಾಗಿ ಮತ್ತೆ ಕಾರ್ನಿಯಾ ಮುಟ್ಟುವುದಿಲ್ಲ ಎಂದು ವೈದ್ಯರು ನಿರಾಕರಿಸಿದರು. ಅದೇ ದಿನ ತಂಗಿಯ ಎರಡನೆಯ ನಕ್ಷೆಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿದರು. ಉಬ್ಬು ಬೆಳೆದಿರಲಿಲ್ಲ. ಆಸ್ಪತ್ರೆಯಿಂದ ಹೊರಬಂದವಳು ದೇವರಾಜ ಅರಸು ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಅಮ್ಮನಿಗೆ ಹಿಡಿಸದಂಥ ದಪ್ಪ ಕಪ್ಪು ಫ್ರೇಮ್ ಒಂದನ್ನು ಆರಿಸಿಕೊಂಡಳು.