ಸ್ಕೈರಿಮ್‌ಗೆ ಕ್ರ್ಯಾಶ್ ಲಾಗರ್: ಬಹುಕಾಲ ಬಳಸಿದ ಮೇಲೆ

ನೂರಾರು ಮಾಡ್ (ಆಟಗಾರರೇ ಮಾಡಿದ ಸೇರ್ಪಡೆಗಳು) ಹಾಕಿದ ಸ್ಕೈರಿಮ್ ಸ್ಪೆಷಲ್ ಎಡಿಷನ್ ಆಟ ಬೀಳುವಾಗ, ಅಂದರೆ ಕ್ರ್ಯಾಶ್ ಆಗುವಾಗ, ಒಂದು ಎರರ್ ಮೆಸೇಜನ್ನೂ ತೋರಿಸುವುದಿಲ್ಲ. ವೈಟ್‌ರನ್ ಊರಿನ ಬಾಗಿಲು ತೆರೆದಿರಿ, ಲೋಡಿಂಗ್ ಪರದೆ ಬಂತು, ಮರುಕ್ಷಣ ಡೆಸ್ಕ್‌ಟಾಪ್ ಕಣ್ಣೆದುರು. ಯಾವ ಮಾಡ್ ಕಾರಣ, ಯಾವ ಫೈಲ್ ಕಾರಣ, ಆಟ ಏನನ್ನೂ ಹೇಳುವುದಿಲ್ಲ. ಕ್ರ್ಯಾಶ್ ಲಾಗರ್ ಎಂಬ ಉಚಿತ ಮಾಡ್ ಅದನ್ನು ಹೇಳುತ್ತದೆ. ಎಲ್ಲ ಸಲವೂ ಅಲ್ಲ. ಆದರೆ ಹೇಳಿದಾಗ ಹಲವು ಸಲ ಹಾಳಾದ ಫೈಲಿನ ಪೂರ್ತಿ ಪಾತ್ ಕೊಟ್ಟೇ ಹೇಳುತ್ತದೆ. ಮಾಡ್ ಹಾಕಿ ಆಡುವವರಿಗೆ ಇದಕ್ಕಿಂತ ಹೆಚ್ಚು ಖುಷಿ ಕೊಡುವ ಸಾಧನ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್‌ಸ್ಟಾಲ್ ಮಾಡುವ ವಿಧಾನ ಮಾಡ್‌ನ ಪುಟದಲ್ಲೇ ಇದೆ, ಇಲ್ಲಿ ಬೇಡ. ಎಲ್ಲಿ ಎಡವುತ್ತಾರೆ ಎಂಬುದಷ್ಟೇ ಮುಖ್ಯ, ಅದು ಆವೃತ್ತಿ. ಸ್ಕೈರಿಮ್ 1.5.97 ಆದರೆ ಎಸ್‌ಕೆಎಸ್‌ಇ (ಇಂಥ ಮಾಡ್‌ಗಳಿಗೆ ಆಟದೊಳಗೆ ದಾರಿ ಮಾಡಿಕೊಡುವ ಸ್ಕ್ರಿಪ್ಟ್ ಎಕ್ಸ್‌ಟೆಂಡರ್) 2.0.20, 1.6.640 ಆದರೆ 2.2.3, 1.6.1170 ಆದರೆ 2.2.6. ಒಂದು ಅಂಕಿ ಆಚೀಚೆ ಆದರೂ ನಡೆಯದು. ಆಟದ ಕೋಡಿನ ವಿಳಾಸಗಳನ್ನು ಮಾಡ್‌ಗಳಿಗೆ ಒದಗಿಸುವ ಅಡ್ರೆಸ್ ಲೈಬ್ರರಿಯಲ್ಲೂ 1.5.97ಕ್ಕೆ ಒಂದು ಡೌನ್‌ಲೋಡ್, 1.6 ಸಾಲಿಗೆ ಇನ್ನೊಂದು. ಅದು ತಪ್ಪಿದರೆ ಕ್ರ್ಯಾಶ್ ಲಾಗರ್ ಸಹಿತ ಅದನ್ನು ನಂಬಿರುವ ಎಲ್ಲ ಡಿಎಲ್‌ಎಲ್‌ಗಳೂ (ಮಾಡ್‌ನ ಕೋಡ್ ಇರುವ ಫೈಲ್‌ಗಳು) ಕೈ ಎತ್ತುತ್ತವೆ. ಎಸ್‌ಕೆಎಸ್‌ಇ ತನ್ನದೇ ಲಾಗ್‌ನಲ್ಲಿ ಯಾವುದಾದರೂ ಡಿಎಲ್‌ಎಲ್ ಪಕ್ಕ ಎರರ್ ಕೋಡ್ 7ಇ ಎಂದು ಬರೆದಿದ್ದರೆ, ಆ ಡಿಎಲ್‌ಎಲ್ ಕೇಳುವ ಇನ್ನೊಂದು ಡಿಎಲ್‌ಎಲ್ ನಿಮ್ಮ ವಿಂಡೋಸ್‌ನಲ್ಲಿ ಇಲ್ಲ ಎಂದರ್ಥ. ಹೆಚ್ಚಿನ ಸಲ ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್‌ನ 64 ಬಿಟ್ ಆವೃತ್ತಿಯನ್ನು ಹೊಸದಾಗಿ ಹಾಕಿದರೆ ಸರಿಹೋಗುತ್ತದೆ.

ಎಂಜಿನ್ ಫಿಕ್ಸಸ್ ಎಂಬ ಮಾಡ್ ಇಲ್ಲದೆ ಲಾಗ್ ಓದಲು ಕೂರುವುದು ವ್ಯರ್ಥ. ಆಟದ ಎಂಜಿನ್‌ಗೇ ಅಂಟಿಕೊಂಡ ಹಲವು ಬಗ್‌ಗಳನ್ನು ಅದು ಸರಿಪಡಿಸುತ್ತದೆ. ಅದರ ಎರಡು ಭಾಗಗಳಲ್ಲಿ ಮೊದಲನೆಯದು ಮಾಡ್‌ಗಳನ್ನು ನಿರ್ವಹಿಸುವ ಮಾಡ್ ಆರ್ಗನೈಸರ್ 2ರ ಮೂಲಕ ಹೋಗಬೇಕು, ಎರಡನೆಯದನ್ನು ಸ್ಕೈರಿಮ್‌ನ ಇಎಕ್ಸ್‌ಇ ಇರುವ ಫೋಲ್ಡರ್‌ಗೆ ಕೈಯಾರೆ ಹಾಕಬೇಕು. ಆ ಎರಡನೆಯದನ್ನು ಬಿಟ್ಟವರು ಬಹಳ ಮಂದಿ.

ಇನ್ನು ನಿತ್ಯದ ಕ್ರಮ. ಆಟ ಬಿತ್ತೇ? ಮೊದಲು ಡಾಕ್ಯುಮೆಂಟ್ಸ್‌ನಲ್ಲಿ ಮೈ ಗೇಮ್ಸ್, ಅದರೊಳಗೆ ಸ್ಕೈರಿಮ್ ಸ್ಪೆಷಲ್ ಎಡಿಷನ್, ಅದರೊಳಗೆ ಎಸ್‌ಕೆಎಸ್‌ಇ ಫೋಲ್ಡರ್. ದಿನಾಂಕದ ಪ್ರಕಾರ ಜೋಡಿಸಿದರೆ ಹೊಸ ಲಾಗ್ ಮೇಲೆ ಬರುತ್ತದೆ. ಅದರ ಹೆಸರಿನ ಕೊನೆಗೆ ಆಗ ಏನು ಮಾಡುತ್ತಿದ್ದಿರಿ ಎಂದು ಎರಡು ಪದ ಸೇರಿಸಿಡಿ: ‘ರಿಫ್ಟನ್ ಬಾಗಿಲು’, ‘ಇನ್ವೆಂಟರಿ ತೆರೆದಾಗ’. ಮೂರು ಲಾಗ್ ಸೇರಿದ ಮೇಲೆ ಈ ಎರಡು ಪದಗಳ ಬೆಲೆ ಗೊತ್ತಾಗುತ್ತದೆ. ಬಳಿಕ ನೋಟ್‌ಪ್ಯಾಡ್++ನಲ್ಲಿ ತೆರೆಯಿರಿ. ಮೇಲಿನ ಸಾಲು ಎಕ್ಸೆಪ್ಶನ್ ಆಕ್ಸೆಸ್ ವಯಲೇಷನ್ ಎನ್ನುತ್ತದೆ. ಬಹುಪಾಲು ಎಲ್ಲ ಕ್ರ್ಯಾಶ್‌ಗೂ ಅದೇ ಸಾಲು, ಅದರಲ್ಲಿ ಸುದ್ದಿಯಿಲ್ಲ. ಅದರ ಮುಂದಿರುವ ವಿಳಾಸವನ್ನು ಗುರುತಿಟ್ಟುಕೊಂಡು ನೇರವಾಗಿ ಪಾಸಿಬಲ್ ರೆಲವೆಂಟ್ ಆಬ್ಜೆಕ್ಟ್ಸ್ ಎಂಬ ವಿಭಾಗಕ್ಕೆ ಇಳಿಯಿರಿ. ಆಮೇಲೆ ರೆಜಿಸ್ಟರ್‌ಗಳು (ಆ ಕ್ಷಣ ಪ್ರೊಸೆಸರ್ ಕೈಯಲ್ಲಿದ್ದ ಮೌಲ್ಯಗಳು), ಬಳಿಕ ಸ್ಟ್ಯಾಕ್ (ಆಗ ಕೆಲಸಕ್ಕೆಂದು ಮೆಮೊರಿಯಲ್ಲಿ ಪೇರಿಸಿಟ್ಟದ್ದು). ಕಾಲ್ ಸ್ಟ್ಯಾಕ್, ಅಂದರೆ ಯಾವ ಕೋಡ್ ಯಾವುದನ್ನು ಕರೆಯಿತು ಎಂಬ ಪಟ್ಟಿ, ಮೊದಲು ಕಂಡರೂ ಅದನ್ನು ಕೊನೆಗೆ ಓದುವುದೇ ಒಳ್ಳೆಯದು. ಕಾರಣ ಮುಂದೆ ಹೇಳುತ್ತೇನೆ.

ಒಂದು ಮಾದರಿ ನೋಡಿ. ಒಂದೇ ಊರಿಗೆ ಹೋದಾಗಲೆಲ್ಲ ಆಟ ಬೀಳುತ್ತದೆ. ಮೂರು ಲಾಗ್‌ಗಳಲ್ಲೂ ರೆಜಿಸ್ಟರ್ ಸಾಲಿನಲ್ಲಿ ಬಿಎಸ್‌ಟ್ರೈಶೇಪ್ ಅಥವಾ ಬಿಎಸ್‌ಫೇಡ್‌ನೋಡ್ ಎಂಬ ಹೆಸರು, ಅದರ ಪಕ್ಕ ಮೆಶಸ್ (ವಸ್ತುಗಳ 3ಡಿ ಆಕಾರದ ಫೈಲ್‌ಗಳ) ಫೋಲ್ಡರ್‌ನಿಂದ ಶುರುವಾಗಿ ‘ನಿಫ್’ ಎಂದು ಮುಗಿಯುವ ಒಂದೇ ಪಾತ್. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಮಾಡ್ ಆರ್ಗನೈಸರ್‌ನ ಬಲಭಾಗದ ಡೇಟಾ ಟ್ಯಾಬ್‌ನಲ್ಲಿ ಆ ಫೈಲಿನ ಹೆಸರು ಹುಡುಕಿ. ಹಲವು ಮಾಡ್‌ಗಳು ಅದೇ ಫೈಲನ್ನು ಕೊಟ್ಟಿದ್ದರೆ ಕೊನೆಗೆ ಯಾರದು ಗೆದ್ದಿದೆ ಎಂದು ತೋರಿಸುತ್ತದೆ. ಅದರ ಮೇಲೆ ರೈಟ್ ಕ್ಲಿಕ್, ಹೈಡ್. ಫೈಲ್ ಅಳಿಯುವುದಿಲ್ಲ, ಹೆಸರಿಗೆ ಒಂದು ಬಾಲ ಸೇರಿ ಆಟದ ಕಣ್ಣಿಗೆ ಬೀಳದಂತಾಗುತ್ತದೆ, ಅಷ್ಟೇ. ಈಗ ಅದೇ ಊರಿಗೆ ಹೋಗಿ. ಬೀಳದಿದ್ದರೆ ಕಳ್ಳ ಸಿಕ್ಕ. ಹೆಚ್ಚಾಗಿ ಅದು 2011ರ ಹಳೆಯ ಸ್ಕೈರಿಮ್‌ಗೆಂದು ಮಾಡಿದ ಮೆಶ್ ಆಗಿರುತ್ತದೆ. ಸ್ಪೆಷಲ್ ಎಡಿಷನ್ 2016ರಲ್ಲಿ 64 ಬಿಟ್‌ಗೆ ಬಂದಾಗ ಮೆಶ್‌ನ ಒಳರಚನೆಯೂ ಬದಲಾಯಿತು. ಹಳೆಯ ಫೈಲ್‌ಗಳನ್ನು ಹೊಸ ರಚನೆಗೆ ತರುವ ಕತೀಡ್ರಲ್ ಅಸೆಟ್ಸ್ ಆಪ್ಟಿಮೈಜರ್‌ನಲ್ಲಿ ಆ ಮಾಡ್‌ನ ಫೋಲ್ಡರ್ ಒಂದನ್ನೇ ಕೊಟ್ಟು, ಮೆಶ್‌ಗಳಿಗೆ ನೆಸೆಸರಿ ಆಪ್ಟಿಮೈಸೇಷನ್ ಮಾತ್ರ ಆರಿಸಿ ಓಡಿಸಿ. ಇಡೀ ಮಾಡ್‌ಲಿಸ್ಟಿನ ಮೇಲೆ ಒಟ್ಟಿಗೆ ಓಡಿಸಬೇಡಿ, ಚೆನ್ನಾಗಿದ್ದ ಮೆಶ್‌ಗಳೂ ಕೆಡುತ್ತವೆ. ಹಳೆಯ ಆಟದ ಅನಿಮೇಷನ್ ಫೈಲ್‌ಗಳದೂ ಇದೇ ಪಾಡು: 32 ಬಿಟ್‌ನ ಎಚ್‌ಕೆಎಕ್ಸ್ ಫೈಲ್ ಸ್ಪೆಷಲ್ ಎಡಿಷನ್‌ನಲ್ಲಿ ಆಟವನ್ನೇ ಬೀಳಿಸುತ್ತದೆ.

ಪಾತ್ ಬದಲು ಫಾರ್ಮ್ ಐಡಿ (ಆಟದ ಪ್ರತಿ ವಸ್ತುವಿನ ಗುರುತಿನ ಸಂಖ್ಯೆ) ಸಿಕ್ಕರೂ ಚಿಂತೆಯಿಲ್ಲ. ಎಂಟು ಹೆಕ್ಸ್ ಅಂಕಿಗಳಲ್ಲಿ ಮೊದಲ ಎರಡು ಪ್ಲಗಿನ್‌ನ (ಮಾಡ್‌ನ ದಾಖಲೆಗಳಿರುವ ಇಎಸ್‌ಪಿ, ಇಎಸ್‌ಎಂ ಅಥವಾ ಇಎಸ್‌ಎಲ್ ಫೈಲ್) ಸ್ಥಾನ. ಅದು ‘ಎಫ್‌ಇ’ ಆಗಿದ್ದರೆ ಲೈಟ್ ಪ್ಲಗಿನ್, ಅಂದರೆ ಒಂದೇ ಸ್ಥಾನವನ್ನು ಹಂಚಿಕೊಳ್ಳುವ ಪುಟ್ಟ ಪ್ಲಗಿನ್. ಮುಂದಿನ ಮೂರು ಅಂಕಿ ಯಾವ ಲೈಟ್ ಪ್ಲಗಿನ್ ಎಂದು ಹೇಳುತ್ತವೆ, ಮಾಡ್ ಆರ್ಗನೈಸರ್‌ನ ಮಾಡ್ ಇಂಡೆಕ್ಸ್ ಕಾಲಂನಲ್ಲಿ ಅದೇ ಸಂಖ್ಯೆ ಕಾಣುತ್ತದೆ. ‘ಎಫ್‌ಎಫ್’ ಎಂದಿದ್ದರೆ ಅದು ಯಾವ ಪ್ಲಗಿನ್‌ನದ್ದೂ ಅಲ್ಲ, ಆಟ ನಡೆಯುವಾಗ ಹುಟ್ಟಿ ಸೇವ್‌ನಲ್ಲಿ ಉಳಿದದ್ದು. ಆ ವಸ್ತುವನ್ನು ಯಾವ ಪ್ಲಗಿನ್‌ಗಳು ಒಂದರ ಮೇಲೊಂದು ತಿದ್ದಿವೆ ಎಂಬ ಸರಪಳಿಯನ್ನೂ ಲಾಗರ್ ‘ಮಾಡಿಫೈಡ್ ಬೈ’ ಎಂದು ಬರೆದಿಡುತ್ತದೆ. ಪ್ಲಗಿನ್‌ಗಳ ಒಳಗನ್ನು ತೋರಿಸುವ ಎಸ್‌ಎಸ್‌ಇಎಡಿಟ್ ತೆರೆದು ಒಂದೊಂದೇ ಪ್ಲಗಿನ್ ಹುಡುಕುವ ಸಂಜೆಯ ಕೆಲಸವನ್ನು ಈ ಒಂದು ಸಾಲು ಉಳಿಸುತ್ತದೆ.

ಇಲ್ಲಿಯವರೆಗೂ ಹೊಗಳಿಕೆ. ಇನ್ನು ಮೇಲೆ ಬೇಸರದ ಮಾತು.

ಲಾಗ್ ಎಂದರೆ ಮಹಜರು. ಸ್ಥಳದಲ್ಲಿ ಏನೇನು ಬಿದ್ದಿತ್ತು ಎಂದು ಬರೆದಿರುತ್ತದೆ, ತಪ್ಪು ಯಾರದೆಂದು ಬರೆದಿರುವುದಿಲ್ಲ. ಕ್ರ್ಯಾಶ್ ಲಾಗರ್‌ನ ವಿನ್ಯಾಸ ಇದನ್ನು ಮರೆಸುತ್ತದೆ. ಪ್ರಾಬಬಲ್ ಕಾಲ್ ಸ್ಟ್ಯಾಕ್ ಮೇಲೆಯೇ ಇರುವುದರಿಂದ ಕಣ್ಣು ಅಲ್ಲಿಗೇ ಹೋಗುತ್ತದೆ, ಅಲ್ಲಿ ಕಂಡ ಮೊದಲ ಡಿಎಲ್‌ಎಲ್ ಅಪರಾಧಿಯಾಗಿಬಿಡುತ್ತದೆ. ಕೂದಲು ಬಟ್ಟೆಗಳನ್ನು ಅಲುಗಾಡಿಸುವ ಎಚ್‌ಡಿಟಿ ಎಸ್‌ಎಂಪಿ, ಪಾತ್ರದ ಮುಖ ಮೈ ತಿದ್ದುವ ರೇಸ್‌ಮೆನುವಿನ ಸ್ಕೀ64, ಇವೆರಡೂ ಮಾಡದ ತಪ್ಪಿಗೆ ಬೈಗುಳ ತಿಂದದ್ದಕ್ಕೆ ಲೆಕ್ಕವಿಲ್ಲ. ಪ್ರತಿ ಪಾತ್ರದ ಪ್ರತಿ ಮೆಶ್ ಅವುಗಳ ಕೈ ದಾಟಿ ಹೋಗುವುದರಿಂದ ಕೆಟ್ಟ ಮೆಶ್ ಸಿಕ್ಕಾಗ ಹೆಸರು ಬರುವುದು ಅವುಗಳದೇ. ಡಿಎಲ್‌ಎಲ್ ತೆಗೆದರೆ ಕ್ರ್ಯಾಶ್ ನಿಂತಂತೆಯೂ ಕಾಣಬಹುದು, ಕೆಟ್ಟ ಫೈಲ್ ಮಾತ್ರ ಒಳಗೇ ಇರುತ್ತದೆ. ಮೂರು ಲಾಗ್‌ಗಳಲ್ಲಿ ಡಿಎಲ್‌ಎಲ್ ಒಂದೇ, ಆದರೆ ವಸ್ತುಗಳು ಬೇರೆಬೇರೆ ಎಂದಿದ್ದರೆ ಡಿಎಲ್‌ಎಲ್ ಮೇಲೆ ಅನುಮಾನ ಪಡಿ. ವಸ್ತು ಒಂದೇ ಆಗಿದ್ದರೆ ವಸ್ತುವಿನ ಮೇಲೆ.

ಮೂರರಲ್ಲೂ ವಿಳಾಸವೂ ಬೇರೆ, ವಸ್ತುವೂ ಬೇರೆ ಆಗಿದ್ದರೆ? ಆಗ ಲಾಗ್ ಮುಚ್ಚಿಟ್ಟು ಮೆಮೊರಿ ನೋಡಬೇಕು. ಈ ಮಾತನ್ನು ಲಾಗರ್ ನೇರವಾಗಿ ಹೇಳದಿರುವುದೇ ನನಗೆ ಅದರ ದೊಡ್ಡ ಕೊರತೆ. 1.5.97ರಲ್ಲಿ ಕೊನೆಗೆ ಡಿ6ಡಿಡಿಡಿಎ ಎಂದಿರುವ ವಿಳಾಸ ಕಂಡರೆ ಹಳಬರು ತಕ್ಷಣ ಪೇಜ್‌ಫೈಲ್ (ಡಿಸ್ಕ್‌ನಲ್ಲಿ ವಿಂಡೋಸ್ ಇಟ್ಟುಕೊಳ್ಳುವ ಹೆಚ್ಚುವರಿ ಮೆಮೊರಿ) ಎಷ್ಟಿದೆ ಎಂದು ಕೇಳುತ್ತಾರೆ, ಇಲ್ಲವೇ ಕೆಟ್ಟ ಟೆಕ್ಸ್ಚರ್ (ವಸ್ತುವಿನ ಮೇಲ್ಮೈಯ ಚಿತ್ರ) ಹುಡುಕು ಎನ್ನುತ್ತಾರೆ. 32 ಜಿಬಿ ರ್‍ಯಾಮ್ ಇದೆಯೆಂದು ಪೇಜ್‌ಫೈಲ್ ಆಫ್ ಮಾಡಿದವರು ಇದರಲ್ಲಿ ಹೆಚ್ಚು. ವಿಂಡೋಸ್ ಕೊಡಬಲ್ಲ ಒಟ್ಟು ಮೆಮೊರಿ ಎಂದರೆ ರ್‍ಯಾಮ್ ಮತ್ತು ಪೇಜ್‌ಫೈಲ್ ಕೂಡಿದ್ದು. ಆಟ ಕೇಳಿದ್ದು ಆ ಮಿತಿ ದಾಟಿದರೆ, ರ್‍ಯಾಮ್ ಖಾಲಿ ಇದ್ದಂತೆ ಕಂಡರೂ, ಸಿಗುವುದು ಶೂನ್ಯ ವಿಳಾಸ, ಅದರ ಹಿಂದೆಯೇ ಕ್ರ್ಯಾಶ್. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಮೆಮೊರಿ ತೆರೆದು ಕಮಿಟೆಡ್ ಎಂಬ ಜೋಡಿ ಸಂಖ್ಯೆ ನೋಡಿ. ಆಟ ಓಡುವಾಗ ಮೊದಲನೆಯದು ಎರಡನೆಯದನ್ನು ಮುಟ್ಟಲು ಹೊರಟಿದ್ದರೆ ರೋಗ ಇದೇ. ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ, ಪರ್ಫಾರ್ಮೆನ್ಸ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಟ್ಯಾಬ್, ಅಲ್ಲಿ ವರ್ಚುವಲ್ ಮೆಮೊರಿ. ಕಸ್ಟಮ್ ಸೈಜ್ ಆರಿಸಿ ಇನಿಷಿಯಲ್ 20480, ಮ್ಯಾಕ್ಸಿಮಮ್ 40960 ಎಂದು ಕೊಟ್ಟು, ಸೆಟ್ ಒತ್ತಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಸೆಟ್ ಒತ್ತದೆ ನೇರ ಓಕೆ ಒತ್ತಿದರೆ ಬದಲಾವಣೆ ಉಳಿಯುವುದಿಲ್ಲ. ಪೇಜ್‌ಫೈಲ್ ಎಸ್‌ಎಸ್‌ಡಿಯಲ್ಲೇ ಇರಲಿ.

ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಮಾತು ಬೇರೆ. 6 ಅಥವಾ 8 ಜಿಬಿಯ ಕಾರ್ಡ್ ಇಟ್ಟುಕೊಂಡು ಎಲ್ಲವನ್ನೂ 4ಕೆ ಮಾಡುವ ಆಸೆ ಬಿಡಬೇಕು. ಬಿಸಿ7 ಕಂಪ್ರೆಷನ್‌ನ ಒಂದು 4ಕೆ ಟೆಕ್ಸ್ಚರ್ ಮಿಪ್‌ಮ್ಯಾಪ್ (ದೂರದ ನೋಟಕ್ಕೆ ಬಳಸುವ ಚಿಕ್ಕ ಪ್ರತಿಗಳು) ಸೇರಿ ಸುಮಾರು 21 ಎಂಬಿ, ಅದೇ 2ಕೆ ಆದರೆ 5.3 ಎಂಬಿ. ಕಂಪ್ರೆಸ್ ಮಾಡದೆ ಬಿಟ್ಟ 4ಕೆ ಒಂದೇ 85 ಎಂಬಿ ತಿನ್ನುತ್ತದೆ. ಒಂದು ಕತ್ತಿಗೆ ಡಿಫ್ಯೂಸ್ (ಬಣ್ಣ), ನಾರ್ಮಲ್ (ಉಬ್ಬುತಗ್ಗು) ಎಂದು ಎರಡು ಬೇಕು. ಬೆಟ್ಟಕ್ಕೆ, ರಸ್ತೆಗೆ 4ಕೆ ಇರಲಿ. ಬಟ್ಟಲು, ಚಮಚ, ಬುಟ್ಟಿಗೆ 1ಕೆ ಧಾರಾಳ. ಹೊಸ ಕಾರ್ಡಿಗೆ ದುಡ್ಡು ಸುರಿಯುವ ಮೊದಲು ಇದನ್ನು ಮಾಡಿ ನೋಡಿ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಮೆನು ಬರುವ ಮೊದಲೇ, ಲೋಗೋ ಹಂತದಲ್ಲೇ ಬಿದ್ದರೆ ಲಾಗ್ ಕಾಯುತ್ತಾ ಕೂರಬೇಡಿ. ಮೂರು ಸಂಗತಿ ನೋಡಿ. ಮಾಸ್ಟರ್ (ತಾನು ನಂಬಿರುವ ಇನ್ನೊಂದು ಪ್ಲಗಿನ್) ಇಲ್ಲದ ಪ್ಲಗಿನ್ ಇದೆಯೇ? ಮಾಡ್ ಆರ್ಗನೈಸರ್ ಅದರ ಪಕ್ಕ ಎಚ್ಚರಿಕೆಯ ಚಿಹ್ನೆ ಹಾಕಿರುತ್ತದೆ. ಹಳೆಯ ಸ್ಕೈರಿಮ್‌ನ ಬಿಎಸ್‌ಎ (ಆಟದ ಫೈಲ್‌ಗಳ ಕಟ್ಟು) ಒಳಗೆ ಸೇರಿದೆಯೇ? ಮೂರನೆಯದು, 1.71 ಹೆಡರ್‌ನ ಪ್ಲಗಿನ್. 2023ರ ಡಿಸೆಂಬರ್‌ನಲ್ಲಿ ಬಂದ 1.6.1130ರಿಂದ ಲೈಟ್ ಪ್ಲಗಿನ್‌ನ ದಾಖಲೆಗಳ ಮಿತಿ 2048ರಿಂದ 4096ಕ್ಕೆ ಏರಿತು. ಆ ಬಗೆಯ ಪ್ಲಗಿನ್ 1.5.97 ಅಥವಾ 1.6.640ಕ್ಕೆ ಹೊಂದುವುದಿಲ್ಲ. ಅಂಥವರಿಗೆ ಬೀಸ್ ಎಂಬ ಪುಟ್ಟ ಮಾಡ್ ಇದೆ, ಹಾಕಿಕೊಂಡರೆ ಮುಗಿಯಿತು.

ಪಾತ್ರಗಳು ನಡೆಯುವ ದಾರಿ, ಅಂದರೆ ನ್ಯಾವ್‌ಮೆಶ್, ಲಾಗ್‌ನಲ್ಲಿ ಮತ್ತೆಮತ್ತೆ ಕಂಡರೆ ಯಾವುದೋ ಮಾಡ್ ಅದನ್ನು ಅಳಿಸಿರಬಹುದು. ಪ್ಲಗಿನ್‌ಗಳ ಕ್ರಮ ಜೋಡಿಸುವ ಲೂಟ್ ಇದರ ಎಚ್ಚರಿಕೆ ಕೊಡುತ್ತದೆ. ಎಸ್‌ಎಸ್‌ಇಎಡಿಟ್‌ನ ಕ್ವಿಕ್ ಆಟೋ ಕ್ಲೀನ್ ಅಳಿದ ನ್ಯಾವ್‌ಮೆಶ್ ಇದೆಯೆಂದು ತಿಳಿಸುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಅದಕ್ಕೆ ಮೂಲ ನ್ಯಾವ್‌ಮೆಶ್ ಮರಳಿ ತಂದು ನೆಲದಡಿ -30000ಕ್ಕೆ ಇಳಿಸುವ ಪ್ಯಾಚ್ ಬೇಕು. ಇಲ್ಲವೇ ಆ ಮಾಡ್ ಬೇಡ.

ಲಾಗ್ ಏನನ್ನೂ ಬಿಟ್ಟುಕೊಡದಿದ್ದಾಗ ಉಳಿಯುವುದು ಅರ್ಧರ್ಧ ಮಾಡಿ ಹುಡುಕುವುದು. ಮಾಡ್ ಆರ್ಗನೈಸರ್‌ನಲ್ಲಿ ಪ್ರೊಫೈಲ್ ಕಾಪಿ ಮಾಡಿ, ಅದಕ್ಕೆ ಸೇವ್‌ಗಳನ್ನೂ ಪ್ರತ್ಯೇಕಿಸಿ, ಅರ್ಧ ಮಾಡ್ ಆಫ್ ಮಾಡಿ. ನಿಮ್ಮ ನಡೆಯುತ್ತಿರುವ ಸೇವ್ ತೆರೆಯಬೇಡಿ. ಮೆನುವಿನಲ್ಲೇ ಕನ್ಸೋಲ್ ತೆರೆದು ‘ಸಿಒಸಿ ರಿವರ್‌ವುಡ್’ ಕೊಟ್ಟರೆ ನೇರ ಆ ಊರಿಗೆ ಹೋಗಿ ನಿಲ್ಲುತ್ತೀರಿ, ಪರೀಕ್ಷೆಗೆ ಅಷ್ಟು ಸಾಕು. 500 ಮಾಡ್ ಇದ್ದರೂ ಒಂಬತ್ತು ಸುತ್ತಿನಲ್ಲಿ ಒಂದಕ್ಕೆ ಬಂದು ಮುಟ್ಟಬೇಕು. ಮಾಸ್ಟರ್ ಮತ್ತು ಅದನ್ನು ನಂಬಿದ ಪ್ಲಗಿನ್ ಸದಾ ಒಂದೇ ಅರ್ಧದಲ್ಲಿರಲಿ, ಇಲ್ಲದಿದ್ದರೆ ನೀವು ಹುಡುಕುತ್ತಿರುವ ಕ್ರ್ಯಾಶ್ ಬದಲು ನೀವೇ ಸೃಷ್ಟಿಸಿದ ಕ್ರ್ಯಾಶ್ ಸಿಗುತ್ತದೆ. ಹೊಸ ಆಟದಲ್ಲಿ ಬೀಳದೆ ಹಳೆಯ ಸೇವ್‌ನಲ್ಲಿ ಮಾತ್ರ ಬಿದ್ದರೆ, ನಡುವೆ ತೆಗೆದ ಮಾಡ್‌ನ ಸ್ಕ್ರಿಪ್ಟ್ ಉಳಿಕೆ ಇರಬಹುದು. ಸೇವ್ ಫೈಲ್ ತಿದ್ದುವ ರೀಸೇವರ್‌ನಲ್ಲಿ ಅನ್‌ಅಟ್ಯಾಚ್ಡ್ ಇನ್‌ಸ್ಟನ್ಸ್, ಅನ್‌ಡಿಫೈನ್ಡ್ ಎಲಿಮೆಂಟ್ ಎಷ್ಟಿವೆ ನೋಡಿ. ಅವನ್ನು ತೆಗೆದು ಬೇರೆ ಹೆಸರಿನಲ್ಲಿ ಸೇವ್ ಮಾಡಬಹುದು, ಆದರೆ ಪೂರ್ತಿ ಗುಣವಾಗುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ.

ಇದೆಲ್ಲ ಮುಗಿದರೂ ಲಾಗ್‌ಗಳು ದಿನಕ್ಕೊಂದು ಕಥೆ ಹೇಳುತ್ತಿದ್ದರೆ, ಮಾಡ್ ಇಲ್ಲದ ಆಟವೂ ಬೀಳುತ್ತಿದ್ದರೆ, ಮಾಡ್‌ಲಿಸ್ಟ್ ಬಿಟ್ಟುಬಿಡಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಮೆಮೊರಿಯನ್ನು ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಮಾಡಿ ಆಡಿ ನೋಡಿ. ರಾತ್ರಿ ಮಲಗುವಾಗ ಮೆಮ್‌ಟೆಸ್ಟ್86 ಓಡಲು ಬಿಡಿ. ಒಂದೇ ಒಂದು ಎರರ್ ಬಂದರೂ ರ್‍ಯಾಮ್ ಅಥವಾ ಅದರ ಸೆಟ್ಟಿಂಗ್ ಸರಿಯಿಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದರೆ ಬಯಾಸ್ ಅಪ್‌ಡೇಟ್ ಮಾಡಲೇಬೇಕು. ಹೆಚ್ಚು ವೋಲ್ಟೇಜ್‌ನಿಂದ ಆ ಚಿಪ್‌ಗಳು ಅಸ್ಥಿರವಾಗುವುದನ್ನು ತಡೆಯಲು 2024ರ ಆಗಸ್ಟ್‌ನಲ್ಲಿ 0x129, ಆಮೇಲೆ 0x12ಬಿ ಮೈಕ್ರೋಕೋಡ್ ಬಂದಿವೆ. ಈಗಾಗಲೇ ಸವೆದ ಚಿಪ್ ಅವುಗಳಿಂದ ಸರಿಹೋಗುವುದಿಲ್ಲ, ಬದಲಿಸಿಕೊಳ್ಳಬೇಕು. ಇಂಟೆಲ್ ಆ ಮಾದರಿಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿದೆ, ಬಿಲ್ ಹುಡುಕಿಟ್ಟುಕೊಳ್ಳಿ.