ಕ್ರಾಕೋವ್‌ನಲ್ಲಿ ಗೊಂಬೆ ಮಾಡೋ ವರ್ಕ್‌ಶಾಪ್, ಹೋಗಬಹುದಾ?

ಪೋಲೆಂಡಿನ ಕ್ರಾಕೋವ್‌ಗೆ ಬಂದೋರು ಸುಮಾರು ಜನ ಮೇನ್ ಸ್ಕ್ವೇರ್‌ನ ಹಳೇ ಮಾರ್ಕೆಟ್ ಬಿಲ್ಡಿಂಗಲ್ಲಿ ರೆಡಿ ಗೊಂಬೆ ತಗೊಂಡು ಹೋಗ್ತಾರೆ, ಆದ್ರೆ ಕೈಯಾರೆ ಮಾಡೋ ಮಜಾನೇ ಬೇರೆ ಕಣ್ರೀ. ಅದೇ ಊರಿನ ಕಾಜಿಮಿಯೆಜ್ ಅನ್ನೋ ಬಡಾವಣೆ ಕಡೆ ಒಂದು ಪುಟ್ಟ ಕ್ರಾಫ್ಟ್ ಅಂಗಡೀಲಿ ಹೇಳ್ಕೊಡ್ತಾರೆ, ಮಗಳನ್ನ ಕರ್ಕೊಂಡು ಹೋಗಿದ್ದೆ. ಹೊಲಿಗೆ ಬರಲ್ಲ ಅಂದ್ರೂ ನಡಿಯತ್ತೆ. ರಟ್ಟಿಗೆ ಉಲ್ಲನ್ ದಾರ ಸುತ್ತಿ, ಮೇಲ್ಗಡೆ ಗಂಟು ಹಾಕಿ, ಕೆಳಗಡೆ ಕತ್ತರಿಸಿ, ತಲೆ ಬರೋ ಹಾಗೆ ಕತ್ತಿನ ಹತ್ರ ಬಿಗಿಯಾಗಿ ಕಟ್ಟಿ, ಎರಡೂ ಪಕ್ಕದಿಂದ ಒಂದಿಷ್ಟು ಎಳೆ ತೆಗೆದು ಜಡೆ ಹೆಣೆದ್ರೆ ಕೈ ರೆಡಿ.

ಅಸಲಿ ಕೆಲಸ ಇರೋದು ಬಟ್ಟೇಲಿ, ಗೊಂಬೆಗೆ ಕ್ರಾಕೋವ್ ಕಡೆಯ ಜಾನಪದ ಉಡುಪು ಹಾಕ್ಬೇಕು. ಹುಡುಗಿಗೆ ಹೂವಿನ ಲಂಗ, ಬಿಳಿ ಏಪ್ರನ್, ತೋಳಿಲ್ಲದ ಕಪ್ಪು ವೆಲ್ವೆಟ್ ಜಾಕೆಟ್ಟು ಅದರ ಮೇಲೆ ಚಮಕಿ, ಹವಳದ ಸರದ ಬದ್ಲು ಕೆಂಪು ಮಣಿ, ತಲೆಗೆ ಹೂವಿನ ದಂಡೆ, ಹಿಂದೆ ಬಣ್ಣಬಣ್ಣದ ರಿಬ್ಬನ್. ಹುಡುಗನಿಗೆ ಕೆಂಪು ನಾಲ್ಕು ಮೂಲೆ ಟೋಪಿ, ಅದಕ್ಕೆ ನವಿಲುಗರಿ ಬೇರೆ! ವಿಡಿಯೋ ಕಾಲಲ್ಲಿ ನೋಡಿ ನಮ್ಮಮ್ಮ ಕೃಷ್ಣನೇನೇ ಇವ್ನು ಅಂದ್ರು.

ಬೇಜಾರಾಗಿದ್ದು ಇನ್ನೊಂದು ಕಿಟ್ (ಗೊಂಬೆ ಸಾಮಾನಿನ ಸೆಟ್ಟು), ಪೋಲೆಂಡಿನದೇ ವೊವಿಚ್ ಅನ್ನೋ ಊರಿನ ಕಡೆಯ ಪಟ್ಟೆ ಲಂಗದ್ದು. ಅಲ್ಲಿ ಅದನ್ನ ಉಣ್ಣೇಲಿ ನೇಯ್ತಾರೆ, ಇವ್ರು ಕೊಟ್ಟಿದ್ದು ಪ್ರಿಂಟೆಡ್ ಪಾಲಿಯೆಸ್ಟರ್, ಅಂಚೆಲ್ಲ ಎಳೆ ಬಿಡ್ತಿತ್ತು. ಕ್ರಾಕೋವ್ ಕಿಟ್ಟೇ ತಗೊಳಿ. ಹತ್ರದಲ್ಲೇ ವೋಲ್ನಿತ್ಸಾ ಸ್ಕ್ವೇರಲ್ಲಿ ಎತ್ನೋಗ್ರಾಫಿಕ್ ಮ್ಯೂಸಿಯಂ (ಜಾನಪದ ಬದುಕಿನ ಮ್ಯೂಸಿಯಂ) ಇದೆ, ನಿಜವಾದ ಉಡುಪು ಮೊದ್ಲು ಅಲ್ಲಿ ನೋಡ್ಕೊಂಡು ಬನ್ನಿ, ಕೈಗೆ ಐಡಿಯಾ ಬರತ್ತೆ. ಬಿಸಿ ಗ್ಲೂ ಗನ್ ಇರತ್ತೆ, ತೀರಾ ಚಿಕ್ಕ ಮಕ್ಕಳಿದ್ರೆ ಪಕ್ಕದಲ್ಲೇ ಕೂತ್ಕೊಳಿ.